7 ದಿನ, 2,800 ಕಿ.ಮೀ., ಜತೆಗೆ ದೇಣಿಗೆ ಸಂಗ್ರಹ: ದಾಖಲೆ ಯತ್ನಕ್ಕೆ ತಯಾರಿ ಹೇಗೆ?

ಉದ್ದದಾರಿ:

ಎಲ್ಲರಿಗೂ ನಮಸ್ಕಾರ. ಎರಡು ತುದಿಗಳ ನಡುವಿನ 2,800 ಕಿ.ಮೀ. ಹಾದಿಯನ್ನು 7 ದಿನದೊಳಗೆ ಸೈಕಲ್‌ನಲ್ಲಿ ಮುಗಿಸಿ ದಾಖಲೆಗೆ ಪ್ರಯತ್ನಿಸುವ ಯೋಚನೆ ಇದೆ. ಅದರ ನೆಪದಲ್ಲಿ ಮಕ್ಕಳ ಕ್ಯಾನ್ಸರ್ ಆರೈಕೆ ನೋಡಿಕೊಳ್ಳುವ ಸಂಸ್ಥೆಯೊಂದಕ್ಕೆ ಹಣ ಕೂಡಿಸಬೇಕು. ಕೈಯಲ್ಲಿ 8 ತಿಂಗಳಿದೆ. ಮೈತೂಕ 72 ಕೆ.ಜಿ., ಒಂದು ಗಂಟೆ ಬಿಡದೆ ಹಾಕಬಲ್ಲ ಶಕ್ತಿ 245 ವಾಟ್. 600 ಕಿ.ಮೀ. ಬ್ರೆವೆ (ಗೊತ್ತುಪಡಿಸಿದ ಸಮಯದೊಳಗೆ ಮುಗಿಸುವ ದೂರದ ಸವಾರಿ) 31 ಗಂಟೆ, 1,000 ಕಿ.ಮೀ. 66 ಗಂಟೆ.

ಗೊಂದಲ ಇರುವುದು ಇಲ್ಲಿ. ಹಿಂದೆ ವ್ಯಾನ್ ಇಟ್ಟುಕೊಂಡು ಹೋಗಬೇಕೋ, ಎಲ್ಲ ಸಾಮಾನು ಸೈಕಲ್ ಮೇಲೇ ಹೇರಿಕೊಂಡು ಹೋಗಬೇಕೋ? ದಿನಕ್ಕೆ 400 ಕಿ.ಮೀ. ಅಂದರೆ ವೇಗ ಎಷ್ಟಿರಬೇಕು, ಅದಕ್ಕೆ ಈಗಿನ ಶಕ್ತಿ ಸಾಕೇ? ಪುರಾವೆಗೆ ಏನೇನು ಇಟ್ಟುಕೊಳ್ಳಬೇಕು? ದೇಣಿಗೆಯನ್ನು ‘ಕಿಲೋಮೀಟರಿಗೆ ಇಷ್ಟು’ ಎಂದು ಕೇಳುವುದು ಒಳ್ಳೆಯದೋ, ಒಟ್ಟು ಮೊತ್ತ ಕೇಳುವುದೋ? ವ್ಯಾನಿನ ಇಂಧನ, ಟೈರು, ಊಟದ ಖರ್ಚನ್ನು ದೇಣಿಗೆಯಿಂದ ತೆಗೆಯಬಹುದೇ?

ಮುಳ್ಳುಗಡಿಯಾರ:

ಮೊದಲು ನಿಯಮ, ಆಮೇಲೆ ಸೈಕಲ್. ‘ದಾಖಲೆ’ ಅನ್ನುವುದು ಒಂದೇ ಕಡೆ ಇಲ್ಲ. ಗಿನ್ನೆಸ್‌ಗೆ ಒಂದು ಬಗೆ, ವಿಶ್ವ ಅಲ್ಟ್ರಾ ಸೈಕ್ಲಿಂಗ್ ಸಂಘಕ್ಕೆ ಇನ್ನೊಂದು ಬಗೆ, ಬ್ರಿಟನ್ನಿನ ರೋಡ್ ರೆಕಾರ್ಡ್ಸ್ ಅಸೋಸಿಯೇಷನ್‌ನಂಥ ಹಳೆಯ ಸಂಸ್ಥೆಗಳಿಗೆ ಮತ್ತೊಂದು. ಗಿನ್ನೆಸ್‌ನಲ್ಲಿ ಅರ್ಜಿ ಒಪ್ಪಿಗೆಯಾದ ಮೇಲೆಯೇ ಆ ದಾಖಲೆಯ ಪೂರ್ತಿ ನಿಯಮಾವಳಿ ಕೈಗೆ ಬರುತ್ತದೆ. ಸವಾರಿ ಮುಗಿಸಿ ಆಮೇಲೆ ಅರ್ಜಿ ಹಾಕುತ್ತೇನೆ ಅಂದರೆ, ಯಾವ ಪುರಾವೆ ಬೇಕಿತ್ತು ಅನ್ನುವುದು ಅದನ್ನು ಒದಗಿಸಲು ಸಾಧ್ಯವಿಲ್ಲದ ಹೊತ್ತಿಗೆ ಗೊತ್ತಾಗುತ್ತದೆ. 8 ತಿಂಗಳಿದ್ದರೆ ಈ ವಾರವೇ ಅರ್ಜಿ ಹಾಕಿ.

ನಿಯಮ ಎಷ್ಟು ನಿಷ್ಠುರ ಅನ್ನುವುದಕ್ಕೆ ಭೂಪ್ರದಕ್ಷಿಣೆಯ ದಾಖಲೆ ನೋಡಿ: ಸೈಕಲ್ ಮೇಲೆ ಕನಿಷ್ಠ 18,000 ಮೈಲಿ (ಸುಮಾರು 29,000 ಕಿ.ಮೀ.), ಹೊರಟ ಜಾಗಕ್ಕೇ ಬಂದು ಮುಗಿಸಬೇಕು, ಒಂದೇ ದಿಕ್ಕಿನಲ್ಲಿ ಸಾಗಬೇಕು, ಭೂಮಿಯ ಮೇಲೆ ಒಂದಕ್ಕೊಂದು ನೇರ ಎದುರಿರುವ ಎರಡು ಬಿಂದುಗಳನ್ನು ಮುಟ್ಟಬೇಕು. ವಿಮಾನಕ್ಕೆ ಕಾಯುವ ಹೊತ್ತಲ್ಲೂ ಗಡಿಯಾರ ನಿಲ್ಲದು. ಈ ನಿಯಮದಡಿ ಮಾರ್ಕ್ ಬೋಮಾಂಟ್ 2017ರಲ್ಲಿ 78 ದಿನ 14 ಗಂಟೆ 40 ನಿಮಿಷದಲ್ಲಿ ಮುಗಿಸಿದರು. ದಿನಕ್ಕೆ ಸರಾಸರಿ 370 ಕಿ.ಮೀ., ಪೂರ್ತಿ ತಂಡದ ಬೆಂಬಲದೊಂದಿಗೆ. ಮಹಿಳೆಯರಲ್ಲಿ ಜೆನ್ನಿ ಗ್ರಹಾಂ 2018ರಲ್ಲಿ ಬೆಂಬಲವಿಲ್ಲದೆ 124 ದಿನ 11 ಗಂಟೆ, ಲೇಲ್ ವಿಲ್ಕಾಕ್ಸ್ 2024ರಲ್ಲಿ 108 ದಿನ 12 ಗಂಟೆ. ನಿಮ್ಮದು ಏಳೇ ದಿನ, ಆದರೆ ದಿನಕ್ಕೆ 400. ಆಗದ ಮಾತೇನಲ್ಲ. ಕ್ರಿಸ್ಟೋಫ್ ಸ್ಟ್ರಾಸರ್ 2014ರ ರೇಸ್ ಅಕ್ರಾಸ್ ಅಮೆರಿಕಾದಲ್ಲಿ ಸುಮಾರು 4,860 ಕಿ.ಮೀ.ಯನ್ನು 7 ದಿನ 15 ಗಂಟೆ 56 ನಿಮಿಷದಲ್ಲಿ ಮುಗಿಸಿದ್ದಾರೆ. ಅದು ಆ ಕ್ರೀಡೆಯ ತುತ್ತತುದಿ. ನಿಮ್ಮ ಗುರಿ ಅದಕ್ಕಿಂತ ಸಾಕಷ್ಟು ಕೆಳಗಿದೆ.

ಈಗ ಗಡಿಯಾರದ ಲೆಕ್ಕ. 7 ದಿನ ಅಂದರೆ 168 ಗಂಟೆ. ಚಕ್ರ ಉರುಳುವಾಗಿನ ಸರಾಸರಿ ಗಂಟೆಗೆ 25 ಕಿ.ಮೀ. ಇದ್ದರೆ 2,800ಕ್ಕೆ 112 ಗಂಟೆ. ಉಳಿದದ್ದು 56 ಗಂಟೆ, ದಿನಕ್ಕೆ 8. ಆರು ರಾತ್ರಿ ನಾಲ್ಕೂವರೆ ಗಂಟೆ ನಿದ್ದೆ ಅಂದರೆ 27 ಹೋಯಿತು. ಮಿಕ್ಕ 29 ಗಂಟೆಯಲ್ಲಿ ಊಟ, ಶೌಚ, ಬಟ್ಟೆ ಬದಲಾವಣೆ, ಪಂಕ್ಚರ್, ರೈಲ್ವೆ ಗೇಟು, ದಾರಿ ತಪ್ಪುವುದು, ಫೋಟೊ ಎಲ್ಲ ಆಗಬೇಕು. ದಿನಕ್ಕೆ ನಾಲ್ಕು ಗಂಟೆಯ ಆಸುಪಾಸು. ಕೇಳಲು ಧಾರಾಳ, ಬಳಸಲು ಬಿಗಿ.

ಇಲ್ಲಿಯೇ ಎಲ್ಲರೂ ಎಡವುವುದು. ನಿಂತ ಸಮಯ ಕಡಿಮೆ ಮಾಡುವ ಬದಲು ವೇಗ ಹೆಚ್ಚಿಸಲು ಹೋಗುತ್ತಾರೆ. ಸವಾರ, ಸೈಕಲ್, ಸಾಮಾನು ಸೇರಿ 85 ಕೆ.ಜಿ. ಎಂದಿಟ್ಟುಕೊಂಡರೆ, ಗಾಳಿಯಿಲ್ಲದ ಸಪಾಟು ರಸ್ತೆಯಲ್ಲಿ ಸಾಧಾರಣ ಭಂಗಿಯಲ್ಲಿ 25 ಕಿ.ಮೀ. ವೇಗಕ್ಕೆ ಸುಮಾರು 96 ವಾಟ್, 26ಕ್ಕೆ 106, 28ಕ್ಕೆ 127, 30ಕ್ಕೆ 150. 25ರಿಂದ 26ಕ್ಕೆ ಏರಿದರೆ ಇಡೀ ವಾರದಲ್ಲಿ ಉಳಿಯುವುದು ನಾಲ್ಕು ಗಂಟೆ ಚಿಲ್ಲರೆ, ದಿನಕ್ಕೆ 37 ನಿಮಿಷ. ಅದಕ್ಕೆ ತೆರುವ ಬೆಲೆ, ದಿನವಿಡೀ ಶೇ. 10 ಹೆಚ್ಚು ಶಕ್ತಿ. ಅದೇ, ದಿನಕ್ಕೆ 12 ಬಾರಿ ನಿಲ್ಲುವವರು ಪ್ರತಿ ಸಲ 15 ನಿಮಿಷದ ಬದಲು 8 ನಿಮಿಷಕ್ಕೆ ಹೊರಟರೆ ಉಳಿಯುವುದು 84 ನಿಮಿಷ. ಬೆವರು ಸುರಿಸದೆ 35 ಕಿ.ಮೀ. ಸಿಕ್ಕಂತೆ. ಬ್ರಿಟನ್ನಿನ ತುದಿಯಿಂದ ತುದಿಗೆ ಹೋಗುವ ದಾಖಲೆಯನ್ನು 2001ರಲ್ಲಿ ಗೆಥಿನ್ ಬಟ್ಲರ್ 44 ಗಂಟೆ 4 ನಿಮಿಷ 20 ಸೆಕೆಂಡಿಗೆ ತಂದರು. ಅದನ್ನು ಮುರಿಯಲು 2018ರವರೆಗೆ ಕಾಯಬೇಕಾಯಿತು. ಮೈಕೆಲ್ ಬ್ರಾಡ್‌ವಿತ್ ಮುಗಿಸಿದ್ದು 43 ಗಂಟೆ 25 ನಿಮಿಷ 13 ಸೆಕೆಂಡಿಗೆ. 17 ವರ್ಷದ ಅಂತರ 39 ನಿಮಿಷ. ಅಷ್ಟನ್ನು ಒಂದು ಸಾವಧಾನದ ಊಟ ನುಂಗಿಬಿಡುತ್ತದೆ.

ನಿಮ್ಮ 245 ವಾಟ್ ಸಾಲದು ಅನ್ನಿಸುತ್ತಿಲ್ಲ. ಮೊದಲ ದಿನ ಅದರ ಶೇ. 55 (ಸುಮಾರು 135 ವಾಟ್) ದಾಟಬೇಡಿ. ಏರಿನಲ್ಲಿ ಕೂಡ 190ರ ಮೇಲೆ ಹೋಗದಂತೆ ಮೀಟರಿನಲ್ಲಿ ಎಚ್ಚರಿಕೆಯ ಸದ್ದು ಇಟ್ಟುಕೊಳ್ಳಿ. ಐದನೇ ದಿನದ ಹೊತ್ತಿಗೆ ಅದೇ ಶ್ರಮದಲ್ಲಿ ಬರುವುದು ಶೇ. 45 ಮಾತ್ರ. ಯೋಜನೆಯನ್ನು ಆ ಸಂಖ್ಯೆಯ ಮೇಲೆ ಕಟ್ಟಿ, ಮೊದಲ ದಿನದ ಹುರುಪಿನ ಮೇಲಲ್ಲ. ದಿನವೂ 400 ಎಂದು ಸಮನಾಗಿ ಹಂಚಬೇಡಿ. 450, 420, 400, 390, 380, 380, 380. ಕೂಡಿಸಿದರೆ 2,800.

ವ್ಯಾನ್ ಬೇಕೋ ಬೇಡವೋ ಅನ್ನುವುದಕ್ಕೆ ಉತ್ತರ ನಿಮ್ಮ ವಿಭಾಗದ ನಿಯಮದಲ್ಲಿದೆ. ‘ಸ್ವಯಂ ಬೆಂಬಲ’ ಅಂದರೆ ಸಾಮಾನ್ಯವಾಗಿ ದಾರಿಯಲ್ಲಿ ಯಾರಿಗೆ ಬೇಕಾದರೂ ಸಿಗುವ ಅಂಗಡಿ, ವಸತಿ ಮಾತ್ರ. ಸ್ನೇಹಿತರು ಬಾಳೆಹಣ್ಣು ಕೊಟ್ಟರೂ ವಿಭಾಗ ಬದಲಾದೀತು. ದೇಣಿಗೆ ಯತ್ನ ಅಂದ ಮೇಲೆ ದಾರಿಯುದ್ದಕ್ಕೂ ಜನ ಬಂದು ಏನಾದರೂ ಕೊಡಲು ನೋಡುತ್ತಾರೆ, ಬೇಡ ಅನ್ನುವುದು ಕಷ್ಟ. ಅದಕ್ಕೇ ವ್ಯಾನ್ ಇರುವ ವಿಭಾಗ ನಿಮಗೆ ಹೊಂದುತ್ತದೆ.

ಹಲ್ಲುಚಕ್ರ:

ಗಡಿಯಾರದವರು ಹೇಳಿದ್ದಕ್ಕೆ ಸೈಕಲ್ ಮತ್ತು ಮೈಯ ಭಾಗ ಸೇರಿಸುತ್ತೇನೆ.

ಏಳು ದಿನದ ಯತ್ನ ಕಾಲಿನ ಶಕ್ತಿ ಸಾಲದೆ ನಿಲ್ಲುವುದು ಅಪರೂಪ. ನಿಲ್ಲಿಸುವುದು ಸೀಟಿನ ಹುಣ್ಣು, ಕೈ ಜೋಮು, ಹಿಮ್ಮಡಿಯ ಸ್ನಾಯುರಜ್ಜು (ಅಕಿಲೀಸ್), ಕುತ್ತಿಗೆ. ನಾಲ್ಕೂ ಸೈಕಲ್ ಮೈಗೆ ತಾಗುವ ಕಡೆಯಿಂದ ಹುಟ್ಟುವ ತೊಂದರೆಗಳು.

ಸೀಟಿನ ಹುಣ್ಣು: ಬೆವರು, ಒತ್ತಡ, ಉಜ್ಜಾಟ ಸೇರಿ ಚರ್ಮ ಮೆತ್ತಗಾಗಿ ಕಿತ್ತು, ಕೂದಲಿನ ಬುಡಕ್ಕೆ ಸೋಂಕು ಹತ್ತುತ್ತದೆ. ಒಂದೇ ಶಾರ್ಟ್ಸ್‌ನಲ್ಲಿ 12 ಗಂಟೆಗಿಂತ ಹೆಚ್ಚು ಕೂರಬೇಡಿ. ಪ್ಯಾಡಿನ ಹೊಲಿಗೆ ಬೇರೆಬೇರೆ ಜಾಗದಲ್ಲಿರುವ ಎರಡು ಮಾದರಿಯ ಶಾರ್ಟ್ಸ್ ಇಟ್ಟುಕೊಂಡು ಬದಲಾಯಿಸುತ್ತ ಹೋದರೆ ಒಂದೇ ಗೆರೆಯ ಮೇಲೆ ಉಜ್ಜುವುದು ತಪ್ಪುತ್ತದೆ. ಮಲಗುವ ಮೊದಲು ಸೋಪು ನೀರಿನಲ್ಲಿ ತೊಳೆದು, ಪೂರ್ತಿ ಒಣಗಿಸಿ, ಸತುವಿನ ಮುಲಾಮು ಹಚ್ಚಿ, ಬಿಗಿಯಿಲ್ಲದ ಬಟ್ಟೆಯಲ್ಲಿ ಮಲಗಿ. ಉಜ್ಜಾಟ ತಡೆಯುವ ಕ್ರೀಮು ಸವಾರಿಗೆ ಮುನ್ನ ಹಚ್ಚಬೇಕು, ಉರಿ ಶುರುವಾದ ಮೇಲಲ್ಲ. ಪ್ರತಿ 15 ನಿಮಿಷಕ್ಕೊಮ್ಮೆ ಹತ್ತು ಸೆಕೆಂಡು ಎದ್ದು ತುಳಿಯುವುದನ್ನು ಈಗಿನಿಂದಲೇ ರೂಢಿ ಮಾಡಿ. ಹೊಸ ಸೀಟು, ಹೊಸ ಶಾರ್ಟ್ಸ್, ಹೊಸ ಕ್ರೀಮು ಯಾವುದೂ ಕೊನೆಯ ಆರು ವಾರದಲ್ಲಿ ಬೇಡ.

ಕಿರುಬೆರಳು, ಉಂಗುರಬೆರಳು ಮರಗಟ್ಟಿದರೆ ಅಂಗೈ ಬುಡದಲ್ಲಿ ಅಲ್ನಾರ್ ನರ ಒತ್ತಿಹೋಗಿದೆ ಎಂದರ್ಥ. ಸವಾರಿ ಮುಗಿದ ಮೇಲೂ ವಾರಗಟ್ಟಲೆ ಉಳಿಯಬಹುದು, ಬ್ರೇಕ್ ಹಿಡಿಯುವ ಬಲವೂ ತಗ್ಗುತ್ತದೆ. ಹ್ಯಾಂಡಲಿಗೆ ಎರಡು ಸುತ್ತು ಟೇಪ್, ಮೊಣಕೈ ಊರಲು ಏರೋಬಾರ್. ಏರೋಬಾರ್ ಗಾಳಿಗೆ ಮಾತ್ರ ಅಲ್ಲ, ಅಂಗೈಗೆ ವಿರಾಮ ಕೊಡಲಿಕ್ಕೂ ಬೇಕು. ಆದರೆ ಅದನ್ನು ತೀರಾ ತಗ್ಗಿಸಿದರೆ ಬೆಲೆ ಕುತ್ತಿಗೆ ತೆರುತ್ತದೆ. ಕುತ್ತಿಗೆಯ ಹಿಂದಿನ ಸ್ನಾಯು ಸೋತು ತಲೆ ಎತ್ತಲಾಗದ ಸ್ಥಿತಿಗೆ ‘ಶರ್ಮರ್ ನೆಕ್’ ಎನ್ನುತ್ತಾರೆ. 1983ರ ರೇಸ್ ಅಕ್ರಾಸ್ ಅಮೆರಿಕಾದಲ್ಲಿ ಮೈಕೆಲ್ ಶರ್ಮರ್‌ಗೆ ಹಾಗಾದದ್ದರಿಂದ ಆ ಹೆಸರು. ಒಮ್ಮೆ ಬಂದರೆ ದಾರಿಯಲ್ಲಿ ವಾಸಿಯಾಗದು, ಮುಂದಿನ ರಸ್ತೆ ಕಾಣದ ಸವಾರ ಇಳಿಯಲೇಬೇಕು. ಹಾಗಾಗಿ ನಿಮ್ಮ ಈಗಿನ ಭಂಗಿಗಿಂತ ಹ್ಯಾಂಡಲ್ 15–20 ಮಿ.ಮೀ. ಎತ್ತರಿಸಿ, ಹಗುರ ಹೆಲ್ಮೆಟ್ ಹಾಕಿ, ದೀಪವನ್ನು ಹೆಲ್ಮೆಟ್ಟಿಗೆ ಕಟ್ಟದೆ ಹ್ಯಾಂಡಲಿಗೇ ಕಟ್ಟಿ. ವಾರಕ್ಕೆ ಮೂರು ದಿನ ಕುತ್ತಿಗೆಯ ವ್ಯಾಯಾಮ: ಬೋರಲು ಮಲಗಿ ತಲೆ ಎತ್ತಿ ಹಿಡಿಯುವುದು, ಮೊದಲು 30 ಸೆಕೆಂಡು, ನಂತರ ಎರಡು ನಿಮಿಷದವರೆಗೆ.

ಹಿಮ್ಮಡಿ ಸ್ನಾಯುರಜ್ಜಿನ ನೋವಿಗೆ ಕ್ಲೀಟನ್ನು (ಶೂವನ್ನು ಪೆಡಲಿಗೆ ಕಚ್ಚಿಸುವ ಅಡಿಯ ಬಿಲ್ಲೆ) 5–10 ಮಿ.ಮೀ. ಹಿಂದಕ್ಕೆ ಸರಿಸಿ. ಪಾದ ಊದುವುದರಿಂದ ಶೂ ಅರ್ಧ ಅಳತೆ ದೊಡ್ಡದಿರಲಿ.

ಸೈಕಲ್ ಬಗ್ಗೆ ಚುಟುಕಾಗಿ: 30 ಮಿ.ಮೀ. ಟ್ಯೂಬ್‌ಲೆಸ್ ಟೈರು, ಒಟ್ಟು 85 ಕೆ.ಜಿ.ಗೆ ಗಾಳಿಯ ಒತ್ತಡ ಮುಂದೆ 3.9, ಹಿಂದೆ 4.1 ಬಾರ್‌ನಿಂದ ಶುರುಮಾಡಿ ರಸ್ತೆ ನೋಡಿ ಹೊಂದಿಸಿಕೊಳ್ಳಿ. ಹುಕ್‌ಲೆಸ್ ರಿಮ್ (ಟೈರು ಹಿಡಿಯುವ ಅಂಚಿನ ಕೊಕ್ಕೆ ಇಲ್ಲದ್ದು) ಆದರೆ 5 ಬಾರ್ ಮೇಲೆ ಯಾವ ಕಾರಣಕ್ಕೂ ಹೋಗಬೇಡಿ. ಸೀಲಂಟ್ (ಸಣ್ಣ ತೂತು ತಾನಾಗಿ ಮುಚ್ಚುವ ದ್ರವ) ಟೈರಿಗೆ 40–50 ಮಿ.ಲೀ., ಹೊರಡುವ ವಾರದಲ್ಲಿ ಹೊಸದಾಗಿ ಹಾಕಿ. ಹಳೆಯದು ಒಣಗಿ ರಬ್ಬರಿನ ಉಂಡೆಯಾಗಿರುತ್ತದೆ. ಗೇರು: ಮುಂದೆ ಚಿಕ್ಕದು 34 ಹಲ್ಲು, ಹಿಂದೆ ದೊಡ್ಡದು 34. ಮೂರನೇ ದಿನದ ಏರಿನಲ್ಲಿ ಮೊಣಕಾಲು ಉಳಿಸುವುದು ಅದೇ. ಚೈನ್ ಹೊಸದು ಹಾಕುವುದಾದರೆ ಹೊರಡುವ ಮುನ್ನ 300 ಕಿ.ಮೀ. ಓಡಿಸಿ ನೋಡಿ, ಹಳೆಯ ಕ್ಯಾಸೆಟ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಮೇಲೆ ಹೊಸ ಚೈನ್ ಜಾರುವುದು ಅಂಗಳದಲ್ಲಿ ಗೊತ್ತಾಗದು, ಏರಿನಲ್ಲಿ ಗೊತ್ತಾಗುತ್ತದೆ. ಮಳೆ ಬಂದರೆ ಚೈನ್ ಒರೆಸಿ ಎಣ್ಣೆ ಹಾಕುವುದು ದಿನಕ್ಕೊಮ್ಮೆ ಅಲ್ಲ, ಪ್ರತಿ ನಿದ್ದೆಗೂ. ಬ್ರೇಕ್ ಪ್ಯಾಡ್ ಎರಡು ಜೊತೆ. ಬಿಡಿ ಡಿರೇಲರ್ ಹ್ಯಾಂಗರ್ (ಹಿಂದಿನ ಗೇರು ಬದಲಿಸುವ ಭಾಗವನ್ನು ಫ್ರೇಮಿಗೆ ಹಿಡಿದಿಡುವ ತುಂಡು) ನಿಮ್ಮ ಫ್ರೇಮಿಗೆ ಹೊಂದುವಂಥದ್ದೇ ಆಗಬೇಕು, ದಾರಿಯ ಅಂಗಡಿಯಲ್ಲಿ ಸಿಗುತ್ತದೆ ಎಂಬ ಭರವಸೆ ಬೇಡ. ಎಲೆಕ್ಟ್ರಾನಿಕ್ ಗೇರಾದರೆ ಲಿವರಿನೊಳಗಿನ ಬಿಲ್ಲೆ ಬ್ಯಾಟರಿಯನ್ನೂ ನೆನಪಿಡಿ, ಎಲ್ಲರೂ ದೊಡ್ಡ ಬ್ಯಾಟರಿಯನ್ನಷ್ಟೇ ಚಾರ್ಜ್ ಮಾಡುತ್ತಾರೆ. ವ್ಯಾನಿದ್ದರೆ ಡೈನಮೋ ಹಬ್ (ಚಕ್ರ ತಿರುಗಿದಂತೆ ವಿದ್ಯುತ್ ಕೊಡುವ ಗುಂಭ) ಬೇಡ, ಎರಡು ಜೊತೆ ಬ್ಯಾಟರಿ ದೀಪ ಅದಲುಬದಲು ಮಾಡಿ.

ಎರಡನೇ ಸೈಕಲ್ ಇದ್ದರೆ ಸೀಟು, ಹ್ಯಾಂಡಲ್ ಅಳತೆ ಮಿಲಿಮೀಟರಿಗೆ ಮಿಲಿಮೀಟರ್ ಒಂದೇ ಇರಲಿ. ಪಂಕ್ಚರ್ ಆದರೆ ಸೈಕಲ್ ಬದಲಿಸಿ ಹೊರಡಿ, ತೇಪೆ ವ್ಯಾನಿನವರ ಕೆಲಸ.

ಉದ್ದದಾರಿ:

ತುಂಬಾ ಉಪಕಾರವಾಯಿತು. ಊಟ, ನಿದ್ದೆಯ ಬಗ್ಗೆ ಯಾರಾದರೂ ಬಿಡಿಸಿ ಹೇಳುತ್ತೀರಾ? ನಾಲ್ಕೂವರೆ ಗಂಟೆ ಒಂದೇ ಸಲ ಮಲಗಬೇಕೋ, ಹಂಚಿಕೊಂಡೋ? ಇನ್ನೊಂದು ಮಾತು: ಪ್ರಚಾರಕ್ಕಾಗಿ ದಾರಿಯಲ್ಲಿ ಬೇರೆಬೇರೆ ಸೈಕಲ್ ಗುಂಪುಗಳು ಜತೆಗೆ 20–30 ಕಿ.ಮೀ. ಬರುವಂತೆ ಕರೆಯುವ ಆಸೆ ಇದೆ.

ತುತ್ತು_ತುಳಿ:

ಊಟದ ಲೆಕ್ಕ ಸರಳ, ನುಂಗುವುದು ಕಷ್ಟ. ಪೆಡಲಿಗೆ ಹೋಗುವ 1 ಕಿಲೋಜೌಲ್ ಕೆಲಸಕ್ಕೆ ಮೈ ಸುಮಾರು 1 ಕಿಲೋಕ್ಯಾಲರಿ ಸುಡುತ್ತದೆ. ಸರಾಸರಿ 130 ವಾಟ್ ಅಂದರೆ ಗಂಟೆಗೆ 470 ಕಿಲೋಕ್ಯಾಲರಿ, 16 ಗಂಟೆಗೆ 7,500. ಉಸಿರಾಡಲು, ಮೈ ಬಿಸಿ ಇರಿಸಲು ಬೇಕಾದದ್ದು ಸೇರಿ ದಿನಕ್ಕೆ 9,000 ದಾಟುತ್ತದೆ. ಅಷ್ಟನ್ನೂ ತಿನ್ನಲು ಯಾರಿಗೂ ಆಗದು. ಸವಾರಿಯಲ್ಲಿ ಗಂಟೆಗೆ 60–90 ಗ್ರಾಂ ಕಾರ್ಬೋಹೈಡ್ರೇಟ್ ಗುರಿ ಇಡಿ. 60 ಗ್ರಾಂ ದಾಟುವಾಗ ಗ್ಲೂಕೋಸ್ ಜತೆ ಫ್ರಕ್ಟೋಸ್ ಇರಲೇಬೇಕು, ಎರಡಕ್ಕೂ ಕರುಳು ಬೇರೆ ಬಾಗಿಲು ಇಟ್ಟಿದೆ. ಬರೀ ಗ್ಲೂಕೋಸ್ ಹೆಚ್ಚಿಸಿದರೆ ಮಿಕ್ಕದ್ದು ಕರುಳಲ್ಲೇ ನಿಂತು ಹೊಟ್ಟೆ ಕೆಡುತ್ತದೆ. ಕರುಳಿಗೂ ತರಬೇತಿ ಬೇಕು: ಉದ್ದ ಸವಾರಿಗಳಲ್ಲಿ 50 ಗ್ರಾಂನಿಂದ ಶುರುಮಾಡಿ ಎರಡು ವಾರಕ್ಕೆ 10 ಗ್ರಾಂ ಏರಿಸಿ.

ಜೆಲ್ ಮತ್ತು ಸಿಹಿ ಪಾನೀಯದ ಮೇಲೇ ಬದುಕುವ ಯೋಜನೆ ಮೂರನೇ ದಿನ ಕುಸಿಯುತ್ತದೆ. ಬಾಯಿ ಹುಣ್ಣಾಗಿ, ಸಿಹಿ ಕಂಡರೆ ವಾಕರಿಕೆ. ಬೇಯಿಸಿ ಉಪ್ಪು ಹಾಕಿದ ಆಲೂಗಡ್ಡೆ, ಮೆತ್ತಗಿನ ಅನ್ನ, ಸೂಪು, ಮೊಸರಿನಂಥವು ಸರದಿಯಲ್ಲಿರಲಿ. ಮಲಗುವ ಮುನ್ನ 30 ಗ್ರಾಂನಷ್ಟು ಪ್ರೋಟೀನ್. ಪ್ರತಿ ನಿಲುಗಡೆಯಲ್ಲೂ ಬಾಯಿ ಮುಕ್ಕಳಿಸಿ. ಅದು ಹತ್ತೇ ಸೆಕೆಂಡಿನ ಕೆಲಸ.

ನೀರು ಗಂಟೆಗೆ 500–750 ಮಿ.ಲೀ., ಬಿಸಿಲಿಗೆ ತಕ್ಕಂತೆ. ಅತಿ ಕುಡಿಯುವುದು ಕಡಿಮೆ ಕುಡಿಯುವುದಕ್ಕಿಂತ ಕೇಡು, ರಕ್ತದ ಸೋಡಿಯಂ ಇಳಿದು ಪ್ರಾಣಕ್ಕೇ ಬರುತ್ತದೆ. ದಿನಾ ಒಂದೇ ಹೊತ್ತಿಗೆ ತೂಕ ನೋಡಿ. ಹೊರಟ ದಿನಕ್ಕಿಂತ ತೂಕ ಏರಿದ್ದು, ಉಂಗುರ ಬಿಗಿಯಾಗಿ, ತಲೆನೋವು ಬಂದಿದ್ದರೆ ಬರೀ ನೀರು ನಿಲ್ಲಿಸಿ ವೈದ್ಯರಿಗೆ ಹೇಳಿ. ನೋವಿಗೆ ಐಬುಪ್ರೊಫೆನ್ ಬಗೆಯ ಮಾತ್ರೆ ಬೇಡವೇ ಬೇಡ: ನೀರು ಕಡಿಮೆಯಾದ ಮೈಯಲ್ಲಿ, ಸ್ನಾಯು ಒಡೆಯುತ್ತಿರುವಾಗ ಅದು ಮೂತ್ರಪಿಂಡಕ್ಕೆ ಹೊಡೆತ. ಮೂತ್ರ ಕಾಫಿ ಬಣ್ಣಕ್ಕೆ ತಿರುಗಿದರೆ ಯತ್ನ ಅಲ್ಲಿಗೆ ಮುಗಿಯಿತು, ಚರ್ಚೆ ಬೇಡ.

ನಿದ್ದೆ ಒಂದೇ ಸಲ ಮಾಡಿ. ಪ್ರತಿ ಸಲ ಮಲಗುವುದಕ್ಕೆ ಮೊದಲು ಮತ್ತು ಎದ್ದ ಮೇಲೆ ಸೇರಿ 40 ನಿಮಿಷ ಹೋಗುತ್ತದೆ, ಎರಡು ಸಲ ಮಲಗಿದರೆ ಅದೂ ಎರಡು ಪಟ್ಟು. ನಿದ್ದೆಯ ಒಂದು ಸುತ್ತು ಸುಮಾರು 90 ನಿಮಿಷ, ಮೂರು ಸುತ್ತಿಗೆ ನಾಲ್ಕೂವರೆ ಗಂಟೆ ಸರಿಯಾಗುತ್ತದೆ. ಬೆಳಗಿನ ಜಾವ 3ರಿಂದ 5 ಮೈ ತೀರಾ ಕುಗ್ಗುವ ಹೊತ್ತು, ನಿದ್ದೆಯನ್ನು ಅದರ ಮೇಲೇ ಇಡಿ. ರಾತ್ರಿ 12ಕ್ಕೆ ಮಲಗಿ ನಾಲ್ಕೂವರೆಗೆ ಏಳುವುದು, 5ಕ್ಕೆ ಚಕ್ರ ಉರುಳುವುದು. ‘ಮೊದಲ ರಾತ್ರಿ ಮಲಗುವುದೇ ಇಲ್ಲ’ ಅನ್ನುವ ಜಾಣತನ ಬೇಡ. ಏಳು ದಿನದ ಸವಾರಿಯಲ್ಲಿ ಆ ಸಾಲವನ್ನು ಮೂರನೇ ದಿನ ಬಡ್ಡಿ ಸಮೇತ ತೀರಿಸಬೇಕಾಗುತ್ತದೆ. ಹಗಲಲ್ಲಿ ತೂಕಡಿಕೆ ಬಂದರೆ 100 ಮಿ.ಗ್ರಾಂ ಕೆಫೀನ್ ನುಂಗಿ ತಕ್ಷಣ 20 ನಿಮಿಷ ಒರಗಿ, ಏಳುವ ಹೊತ್ತಿಗೆ ಅದು ಕೆಲಸ ಶುರು ಮಾಡಿರುತ್ತದೆ. ಬಿಳಿ ಗೆರೆಯ ಮೇಲೆ ಎರಡು ಸಲ ಹತ್ತಿದರೆ, ಅಥವಾ ಕೇಳಿದ್ದಕ್ಕೆ ಸಂಬಂಧವಿಲ್ಲದ ಉತ್ತರ ಬಂದರೆ, ಮಲಗಿಸುವ ಅಧಿಕಾರ ತಂಡದ ಮುಖ್ಯಸ್ಥರದ್ದು. ಸವಾರನದ್ದಲ್ಲ. ಇದನ್ನು ಮೊದಲೇ ಬರೆದು ಸಹಿ ಹಾಕಿ.

ಯಾರೂ ಕೇಳದ ಪ್ರಶ್ನೆ: ವ್ಯಾನ್ ಓಡಿಸುವವರು ಯಾವಾಗ ಮಲಗುತ್ತಾರೆ? ನೀವು ಮಲಗಿದಾಗ ಅವರು ಅಡುಗೆ, ಚಾರ್ಜಿಂಗ್, ಚೈನ್, ಬಟ್ಟೆ ನೋಡುತ್ತಿರುತ್ತಾರೆ. ಒಬ್ಬರೇ ಚಾಲಕರಿದ್ದರೆ ಎರಡನೇ ರಾತ್ರಿಯೇ ಅವರು ನಿಮಗಿಂತ ಹೆಚ್ಚು ದಣಿದಿರುತ್ತಾರೆ, ಅದೂ ನಿಮ್ಮ ಬೆನ್ನ ಹಿಂದೆ ಎರಡು ಟನ್ ತೂಕ ಹಿಡಿದು. ಕನಿಷ್ಠ ನಾಲ್ವರು, ಎರಡು ಪಾಳಿ. ಸಾಧ್ಯವಾದರೆ ಎರಡು ವಾಹನ: ಒಂದು ನಿಮ್ಮ ಜತೆ, ಇನ್ನೊಂದು ಮುಂದೆ ಹೋಗಿ ಮಲಗುವ ಜಾಗ ಸಿದ್ಧಮಾಡಿ ತಾನೂ ಮಲಗಲು.

ಮುಳ್ಳುಗಡಿಯಾರ:

ಗುಂಪು ಸವಾರರ ಬಗ್ಗೆ ಎಚ್ಚರ. ಇನ್ನೊಬ್ಬರ ಗಾಳಿಮರೆಯಲ್ಲಿ ಸಾಗುವುದು ಒಂಟಿ ಸವಾರಿಯ ದಾಖಲೆಯಲ್ಲಿ ನಿಷಿದ್ಧ. ನಿಮಗೆ ಗೊತ್ತಿಲ್ಲದೆ ಇಬ್ಬರು ಮುಂದೆ ಹೋಗಿ, ಅದನ್ನು ಯಾರೋ ವಿಡಿಯೊ ಮಾಡಿ ಹಂಚಿದರೆ, ನಿಮ್ಮದೇ ಪ್ರಚಾರದ ವಿಡಿಯೊ ನಿಮ್ಮ ವಿರುದ್ಧದ ಪುರಾವೆ. ಮೂವತ್ತು ಜನರ ಗುಂಪು ಸಿಗ್ನಲ್ಲಿನಲ್ಲಿ ನಿಧಾನಮಾಡುವುದು, ಚಕ್ರಕ್ಕೆ ಚಕ್ರ ತಾಗುವುದು ಬೇರೆ. ದಾಖಲೆ ಮತ್ತು ದೇಣಿಗೆ ಒಂದಕ್ಕೊಂದು ಎದುರಾಗುವ ಜಾಗಗಳಲ್ಲಿ ಇದು ಮೊದಲನೆಯದು. ಎರಡನೆಯದು ಸ್ವಾಗತ ಸಮಾರಂಭ. ಒಂದು ಹಾರ, ಎರಡು ಮಾತು, ಒಂದು ಗುಂಪು ಫೋಟೊ ಅಂದರೆ 25 ನಿಮಿಷ. ದಿನಕ್ಕೆ ಎರಡಾದರೆ ವಾರಕ್ಕೆ ಆರು ಗಂಟೆ ಹತ್ತಿರ.

ಪರಿಹಾರ ಇದೆ. ಜನರನ್ನು ಹೊರಡುವ ಜಾಗಕ್ಕೆ ಮತ್ತು ಮುಗಿಯುವ ಜಾಗಕ್ಕೆ ಕರೆಯಿರಿ. ದಾರಿಯಲ್ಲಿ ಬರುವವರು ರಸ್ತೆ ಬದಿಯಲ್ಲಿ ನಿಂತು ಕೂಗಲಿ. ಜತೆಗೆ ತುಳಿಯಲೇಬೇಕು ಅನ್ನುವವರು 50 ಮೀಟರ್ ಹಿಂದೆ, ವ್ಯಾನಿಗೂ ಹಿಂದೆ. ಅಥವಾ ಅದೇ ವಾರ ತಮ್ಮ ತಮ್ಮ ಊರಲ್ಲೇ ಒಂದೊಂದು ಸವಾರಿ ಮಾಡಿ ದೇಣಿಗೆ ಪುಟಕ್ಕೆ ಸೇರಿಸಲಿ. ಹಣಕ್ಕೆ ಇದೇ ಹೆಚ್ಚು ಅನುಕೂಲ.

ಸಂದರ್ಭ ಬಂತು ಎಂದು ಹೇಳುತ್ತೇನೆ: ಒಂದು ವರ್ಷದ ದೂರದ ದಾಖಲೆಯನ್ನು 1939ರಲ್ಲಿ ಟಾಮಿ ಗಾಡ್ವಿನ್ 75,065 ಮೈಲಿಗೆ ಒಯ್ದು ನಿಲ್ಲಿಸಿದ್ದರು. ಅಮಾಂಡಾ ಕೋಕರ್ 2017ರ ಮೇನಲ್ಲಿ ವರ್ಷ ಮುಗಿಸಿದಾಗ ಅದು 86,573 ಮೈಲಿ ಆಗಿತ್ತು. ಅದರ ಬಹುಪಾಲು ಫ್ಲಾರಿಡಾದ ಒಂದೇ ಉದ್ಯಾನದ 7 ಮೈಲಿಯ ಸಪಾಟು ಸುತ್ತಿನಲ್ಲಿ. ಊಟ, ಶೌಚ, ಮೆಕ್ಯಾನಿಕ್, ಸಾಕ್ಷಿ ಎಲ್ಲ ಒಂದೇ ಜಾಗದಲ್ಲಿ. ತುದಿಯಿಂದ ತುದಿಗೇ ಹೋಗಬೇಕೆಂಬ ಹಟ ಇಲ್ಲದಿದ್ದರೆ ‘7 ದಿನದಲ್ಲಿ ಗರಿಷ್ಠ ದೂರ’ ಎಂಬ ಬಗೆಯ ಯತ್ನವನ್ನೂ ಯೋಚಿಸಿ. ಜನ ನೋಡಲು ಬರುವುದಕ್ಕೂ, ದೇಣಿಗೆ ಡಬ್ಬಿ ಇಡುವುದಕ್ಕೂ ಸುತ್ತಿನ ಹಾದಿಯೇ ವಾಸಿ. ಬೇಸರ ಮಾತ್ರ ಭಯಂಕರ.

ಜಮಾಖರ್ಚು:

ಹಣದ ವಿಷಯ ನಾನು ಹೇಳುತ್ತೇನೆ. ಇಲ್ಲಿ ಆಗುವ ತಪ್ಪು ಮೊಣಕಾಲಿನ ತಪ್ಪಿಗಿಂತ ನಿಧಾನವಾಗಿ ವಾಸಿಯಾಗುತ್ತದೆ.

ಮೊದಲು ಸಂಸ್ಥೆಯಿಂದ ಲಿಖಿತ ಒಪ್ಪಿಗೆ: ಅವರ ಹೆಸರು, ಲಾಂಛನ ಬಳಸಲು, ಅವರ ಪರವಾಗಿ ಹಣ ಕೇಳಲು. ಮಕ್ಕಳ ಫೋಟೊ ಸಂಸ್ಥೆ ಕೊಟ್ಟದ್ದನ್ನೇ ಬಳಸಿ, ನೀವಾಗಿ ತೆಗೆಯಬೇಡಿ. ದೇಣಿಗೆ ನೇರ ಸಂಸ್ಥೆಯ ಖಾತೆಗೇ ಹೋಗುವ ಪುಟ ಮಾಡಿಸಿ. ನಿಮ್ಮ ಸ್ವಂತ ಖಾತೆಗೆ ಒಂದು ಪೈಸೆಯೂ ಬೇಡ. ತೆರಿಗೆ ವಿನಾಯಿತಿಯ ರಸೀದಿ ಕೊಡುವ ಅಧಿಕಾರ ಇರುವುದು ನೋಂದಾಯಿತ ಸಂಸ್ಥೆಗೆ, ನಿಮಗಲ್ಲ.

ಖರ್ಚಿಗೆ ಬೇರೆ ಗಂಟು. ವ್ಯಾನ್, ಇಂಧನ, ಟೈರು, ವಿಮೆ, ಊಟ ಇವಕ್ಕೆ ಸ್ವಂತ ಹಣ, ಇಲ್ಲವೇ ‘ಇದು ಯತ್ನದ ಖರ್ಚಿಗೆ’ ಎಂದು ಗೊತ್ತಿದ್ದೇ ಕೊಡುವ ಪ್ರಾಯೋಜಕರು. ಪುಟದ ಮೇಲ್ಭಾಗದಲ್ಲೇ ಒಂದು ಸಾಲು ಬರೆಯಿರಿ: ‘ಇಲ್ಲಿ ಕೊಟ್ಟ ಹಣ ಸಂಸ್ಥೆಗೆ ಸೇರುತ್ತದೆ, ಸವಾರಿಯ ಖರ್ಚು ಇದರಿಂದ ಹೋಗುವುದಿಲ್ಲ.’ ಪಾವತಿ ಜಾಲತಾಣ ಶುಲ್ಕ ಕಡಿಯುತ್ತಿದ್ದರೆ ಅದನ್ನೂ ಹೇಳಿ. ಖರ್ಚು ದೇಣಿಗೆಯಿಂದ ತೆಗೆಯುವುದು ಕಾನೂನಿನಲ್ಲಿ ನಡೆಯುವ ಕಡೆಗಳಲ್ಲೂ, ಮೊದಲೇ ಹೇಳದೆ ತೆಗೆದರೆ ಕೊಟ್ಟವರ ಮನಸ್ಸು ಮುರಿಯುತ್ತದೆ.

‘ಕಿಲೋಮೀಟರಿಗೆ ಇಷ್ಟು’ ಬೇಡ. ಮೂರು ಕಾರಣ. ವಸೂಲಿ ಸವಾರಿ ಮುಗಿದ ಮೇಲೆ, ಆಗ ಅರ್ಧ ಜನ ಫೋನ್ ಎತ್ತುವುದಿಲ್ಲ. ‘2,800 ಆಗುತ್ತದೆ ಅಂದುಕೊಂಡಿರಲಿಲ್ಲ’ ಅನ್ನುವವರೂ ಇರುತ್ತಾರೆ. ಎಲ್ಲಕ್ಕಿಂತ ಮುಖ್ಯ, ಐದನೇ ದಿನ ಹಿಮ್ಮಡಿ ಕಿರುಗುಟ್ಟುವಾಗ ‘ನಿಂತರೆ ಮಕ್ಕಳಿಗೆ ಹೋಗುವ ಹಣ ನಿಲ್ಲುತ್ತದೆ’ ಅನ್ನುವ ಯೋಚನೆ ತಲೆಗೆ ಬಂದರೆ ನಿಲ್ಲಬೇಕಾದ ಕಡೆ ನಿಲ್ಲುವುದಿಲ್ಲ. ಒಟ್ಟು ಮೊತ್ತ ಕೇಳಿ, ಮೊದಲೇ ಪಡೆಯಿರಿ. ‘ದಾಖಲೆ ಆಗಲಿ ಬಿಡಲಿ, ಯತ್ನ ಅರ್ಧಕ್ಕೆ ನಿಲ್ಲಲಿ, ದೇಣಿಗೆ ಸಂಸ್ಥೆಗೇ ಹೋಗುತ್ತದೆ’ ಎಂದು ಪುಟದಲ್ಲೇ ಇರಲಿ. ಯಾವುದಾದರೂ ಕಂಪನಿ ಸರಿಸಮ ಮೊತ್ತ ಸೇರಿಸಲು ಒಪ್ಪಿದರೆ ಅದನ್ನು ಆರಂಭದ ದಿನಕ್ಕಲ್ಲ, ನಾಲ್ಕನೇ ದಿನಕ್ಕೆ ಇಡಿ. ದೇಣಿಗೆ ಮೊದಲ ಎರಡು ದಿನ ಮತ್ತು ಕೊನೆಯ ದಿನ ಹರಿದು ಬರುತ್ತದೆ, ನಡುವೆ ಬತ್ತುತ್ತದೆ. ಆ ನಡುವಿಗೆ ಒಂದು ಕಾರಣ ಬೇಕು.

ಶೂನ್ಯದಿಂದ ಶುರುವಾಗುವ ಪುಟಕ್ಕೆ ಯಾರೂ ಮೊದಲಿಗರಾಗುವುದಿಲ್ಲ. ಹೊರಡುವ ಮೂರು ವಾರ ಮುಂಚೆ ಹತ್ತಿರದವರಿಂದ ಗುರಿಯ ಕಾಲುಭಾಗ ತುಂಬಿಸಿ, ಆಮೇಲೆ ಎಲ್ಲರಿಗೂ ಬಿಡಿ. ದಿನಕ್ಕೆ ಎರಡು ಸುದ್ದಿ ಸಾಕು, ಬೆಳಗ್ಗೆ ಒಂದು, ಸಂಜೆ ಒಂದು. ಅದನ್ನು ಬರೆಯುವುದು ಮನೆಯಲ್ಲಿ ಕುಳಿತವರು, ವ್ಯಾನಿನವರಲ್ಲ, ಸವಾರರಂತೂ ಅಲ್ಲವೇ ಅಲ್ಲ.

ವಿಮೆ ಪತ್ರದ ಸಣ್ಣ ಅಕ್ಷರ ಓದಿ. ಸ್ಪರ್ಧೆ, ದಾಖಲೆ ಯತ್ನ ಎಂದರೆ ಅಪಘಾತ ಪರಿಹಾರ ಇಲ್ಲ ಎನ್ನುವ ಷರತ್ತು ಸಾಮಾನ್ಯ. ಹಿಂದೆ ನಿಧಾನ ಸಾಗುವ ವ್ಯಾನಿಗೆ ಅನುಮತಿ ಬೇಕೇ ಎಂದು ಹಾದಿಯ ಪ್ರತಿ ಪೊಲೀಸ್ ವ್ಯಾಪ್ತಿಗೂ ಪತ್ರ ಬರೆಯಿರಿ. ಮುಗಿದು 30 ದಿನದೊಳಗೆ ಎರಡೂ ಗಂಟಿನ ಲೆಕ್ಕ ಪುಟದಲ್ಲಿ ಹಾಕಿ.

ಹಲ್ಲುಚಕ್ರ:

ಪುರಾವೆಯ ಮಾತು ಉಳಿದಿತ್ತು.

ಜಿಪಿಎಸ್ ಎರಡು, ಬೇರೆಬೇರೆ ಬ್ಯಾಟರಿಯಲ್ಲಿ. ಸೆಕೆಂಡಿಗೊಂದು ಬಿಂದು ದಾಖಲಾಗಲಿ. ‘ಸ್ಮಾರ್ಟ್’ ದಾಖಲಾತಿ ಆರಿಸಿದರೆ ನಡುವೆ ಖಾಲಿ ಬಿಡುತ್ತದೆ. ತಾನಾಗಿ ನಿಲ್ಲುವ ಸೌಲಭ್ಯ ಬಂದ್ ಮಾಡಿಡಿ, ಇಲ್ಲದಿದ್ದರೆ ನಿಂತ ಸಮಯ ಫೈಲಿನಲ್ಲಿ ಕಾಣದೆ ಅನುಮಾನ ಹುಟ್ಟುತ್ತದೆ. ಗಡಿಯಾರ ಸಾರ್ವತ್ರಿಕ ಕಾಲಮಾನಕ್ಕೆ ಹೊಂದಿರಲಿ, ಎಲ್ಲ ಕ್ಯಾಮೆರಾಗಳೂ ಅದಕ್ಕೇ. ಪ್ರತಿ ನಿದ್ದೆಯ ಹೊತ್ತಿಗೆ ಫೈಲ್ ಮುಗಿಸಿ ಹೊಸದು ಶುರುಮಾಡಿ, ಏಳು ದಿನ ಒಂದೇ ಫೈಲ್ ಇಟ್ಟರೆ ಆರನೇ ದಿನ ಅದು ಕೆಟ್ಟಾಗ ಆರೂ ದಿನ ಹೋಗುತ್ತದೆ. ಯಂತ್ರದಿಂದ ಬಂದ ಮೂಲ ಫೈಲನ್ನೇ ಎರಡು ಕಡೆ ಉಳಿಸಿ. ಸವಾರಿ ಜಾಲತಾಣಗಳಿಂದ ಇಳಿಸಿಕೊಂಡ ಪ್ರತಿ ಸಾಲದು, ಮನೆಯ ವಿಳಾಸ ಮರೆಮಾಡುವ ಸೌಲಭ್ಯ ಚಾಲೂ ಇದ್ದರೆ ಅದು ಹೊರಟ ಮತ್ತು ಮುಗಿಸಿದ ಬಿಂದುವನ್ನೇ ನುಂಗಿಬಿಡುತ್ತದೆ. ಹೃದಯ ಬಡಿತ, ವಾಟ್, ಪೆಡಲ್ ಸುತ್ತು ಮೂರೂ ದಾಖಲಾಗಿರಲಿ. ಸೈಕಲನ್ನು ವ್ಯಾನಿನಲ್ಲಿ ಒಯ್ದಿಲ್ಲ ಅನ್ನುವುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ.

ಸಾಕ್ಷಿಗಳು ಕುಟುಂಬದವರಾಗಬಾರದು. ಹೊರಡುವಾಗ, ಮುಗಿಸುವಾಗ ಇಬ್ಬಿಬ್ಬರು, ನಡುವೆ ದಿನಕ್ಕೆ ಒಂದೆರಡು ಕಡೆ ಸಮಯ, ಜಾಗ, ಸಹಿ ಇರುವ ಪುಸ್ತಕ. ಪುಸ್ತಕ ಕಾಗದದ್ದೇ ಇರಲಿ, ನೀರು ತಾಗದ ಚೀಲದಲ್ಲಿ. ಊರಿನ ಹೆಸರಿನ ಫಲಕದ ಮುಂದೆ ಚಲಿಸುತ್ತಲೇ ವ್ಯಾನಿನಿಂದ ಚಿತ್ರ ತೆಗೆಯಬಹುದು, ಅದಕ್ಕೆಂದು ನಿಲ್ಲಬೇಡಿ. ಹಾದಿ ಬಿಟ್ಟು ಆಸ್ಪತ್ರೆಗೋ ವಸತಿಗೋ ವಾಹನದಲ್ಲಿ ಹೋದರೆ, ಬಿಟ್ಟ ಬಿಂದುವಿಗೇ ಮರಳಿ ಅಲ್ಲಿಂದಲೇ ತುಳಿಯಬೇಕು. ಬಿಡುವಾಗ, ಸೇರುವಾಗ ಎರಡೂ ಸಲ ಒಂದೇ ಗುರುತಿನ ಮುಂದೆ ಚಿತ್ರ. ಯಾವುದಾದರೂ ಕಲ್ಲು, ಕಂಬ ಸಾಕು.

ಒಂದು ಪೂರ್ತಿ ತಾಲೀಮು ಮಾಡಿ. ಎರಡೂವರೆ ತಿಂಗಳು ಮುಂಚೆ, ಇದೇ ತಂಡ, ಇದೇ ವ್ಯಾನ್, 48 ಗಂಟೆ, 800 ಕಿ.ಮೀ., ಪುರಾವೆ ಪುಸ್ತಕ ಸಮೇತ. ನಿಂತ ಸಮಯವನ್ನು ಬೇರೆಯಾಗಿ ಬರೆಯಿರಿ. 48ರಲ್ಲಿ ನಿದ್ದೆ ಬಿಟ್ಟು 8 ಗಂಟೆ ದಾಟಿದರೆ ಕಾಲಿನ ತರಬೇತಿ ನಿಲ್ಲಿಸಿ ನಿಲುಗಡೆಯ ತರಬೇತಿ ಶುರುಮಾಡಿ: ಯಾರು ಬಾಟಲಿ, ಯಾರು ಚೈನ್, ಯಾರು ಬಟ್ಟೆ.

ಉದ್ದದಾರಿ:

ಅರ್ಜಿ ಇವತ್ತೇ ಹಾಕುತ್ತೇನೆ. ಕಿಲೋಮೀಟರ್ ಲೆಕ್ಕದ ದೇಣಿಗೆ ಕೈಬಿಟ್ಟೆ, ಗುಂಪು ಸವಾರಿಯನ್ನೂ. ಕೊನೆಯದಾಗಿ ಒಂದು: ನೇರಪ್ರಸಾರದ ಟ್ರ್ಯಾಕರ್ ಕೊಂಡಿಯನ್ನು ದೇಣಿಗೆ ಪುಟದಲ್ಲಿ ಎಲ್ಲರಿಗೂ ಕಾಣುವಂತೆ ಹಾಕಬಹುದೇ?

ಜಮಾಖರ್ಚು:

ಹಾಕಿ. ಚುಕ್ಕೆ ಸರಿಯುವುದನ್ನು ನೋಡುತ್ತ ಕೂರುವವರೇ ಹೆಚ್ಚು ಹಣ ಕೊಡುವುದು. ಆದರೆ ಎಲ್ಲರಿಗೂ ಕಾಣುವುದನ್ನು 20–30 ನಿಮಿಷ ತಡವಾಗಿ ತೋರಿಸಿ, ತಂಡಕ್ಕೆ ಮಾತ್ರ ನೇರ. ಮಲಗುವ ಜಾಗದಲ್ಲಿ ಚುಕ್ಕೆಯನ್ನು ಹತ್ತಿರದ ಊರಿನ ಹೆಸರಿಗೆ ನಿಲ್ಲಿಸಿ. ಇಲ್ಲದಿದ್ದರೆ ರಾತ್ರಿ 1 ಗಂಟೆಗೆ ಹಾರೈಸಲು ಬಂದವರು ವ್ಯಾನಿನ ಬಾಗಿಲು ತಟ್ಟುತ್ತಾರೆ.